ಎಲೆ ಹಾಕಿ ಉಪ್ಪು ಬಡಿಸಿ "ಉಳಿದದ್ದು ಮುಂದಿನ ಭಾಗದಲ್ಲಿ" ಅಂದರೆ ಹೇಗೆ ಸ್ವಾಮಿ?

ಗುಬ್ಬಿಗೇಟ್ ಗುರು, ತುಮಕೂರು

ಕ್ರಿಸ್‌ಮಸ್ ಕಳೆದ ಮೇಲೆ ಹೊಸ ವರ್ಷದ ತನಕ ಕಾಲೇಜಿನ ಕಡೆ ಜನವೇ ಇರಲಿಲ್ಲ. ಜನ ಇಲ್ಲದಿದ್ದರೆ ನನ್ನ ಜೆರಾಕ್ಸ್ ಅಂಗಡಿಗೆ ನೊಣ ಕೂಡ ಬರುವುದಿಲ್ಲ. ಸುಮ್ನೆ ಕೂತು ಬಾಕಿ ಉಳಿದಿದ್ದ ಸೀರೀಸ್, ಸಿನಿಮಾ ಎಲ್ಲ ನೋಡಿ ಮುಗಿಸಿದೆ. ಮುಗಿಸಿದೆ ಅಂತ ಬಾಯಿಮಾತಿಗೆ ಹೇಳಿದ್ದು. ಅವುಗಳಲ್ಲಿ ಮುಗಿದದ್ದು ಎಷ್ಟು, ಅದೇ ನನ್ನ ತಕರಾರು.

ದಿ ಫ್ಯಾಮಿಲಿ ಮ್ಯಾನ್ ತಗೊಳ್ಳಿ. ಎರಡನೇ ಸೀಸನ್ ಬಂದಿದ್ದು 2021ರಲ್ಲಿ. ನಾಲ್ಕು ವರ್ಷ ಕಾಯಿಸಿ 2025ರ ನವೆಂಬರ್‌ನಲ್ಲಿ ಮೂರನೆಯದು ಬಿಟ್ಟರು. ಏಳೇ ಕಂತು. ಏಳನೆಯದು ನಿಂತಾಗ ನೆಟ್ ಹೋಯಿತೇನೋ ಅಂತ ಎದ್ದು ಹೋಗಿ ರೂಟರ್ ನೋಡಿದೆ. ಎಲ್ಲ ದೀಪವೂ ಉರಿಯುತ್ತಿತ್ತು. ಕಥೆಯೇ ಅಲ್ಲಿಗೆ ನಿಂತಿತ್ತು.

ಇದು ಮದುವೆ ಮನೆಗೆ ಕರೆದು, ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿ, ಅನ್ನ ಬರುವ ಹೊತ್ತಿಗೆ "ಇನ್ನು ಮಿಕ್ಕಿದ್ದು ಮುಂದಿನ ಮದುವೆಗೆ" ಅಂದ ಹಾಗಾಯಿತು. ಮುಂದಿನ ಮದುವೆ ಯಾವಾಗ ಅಂದರೆ ಹುಡುಗಿ ಇನ್ನೂ ಗೊತ್ತಾಗಿಲ್ಲ!

ಭಾಗದ ಮೇಲೆ ಭಾಗ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮಪ್ಪ ರಾಜ್‌ಕುಮಾರ್ ಅವರ ಸಿಐಡಿ 999 ಸಿನಿಮಾಗಳ ಭಕ್ತ. 1968ರಲ್ಲಿ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿಐಡಿ 999, ಮರುವರ್ಷ ಆಪರೇಷನ್ ಜಾಕ್‌ಪಾಟ್, ಆಮೇಲೆ 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ನಾಲ್ಕೂ ದೊರೈ-ಭಗವಾನ್ ಅವರದ್ದೇ. ಒಂದೇ ಪತ್ತೇದಾರ, ನಾಲ್ಕು ಕಥೆ. ಮೂರನೆಯದು ನೋಡಲು ಮೊದಲ ಎರಡು ನೋಡಿರಬೇಕು ಅಂತ ಯಾರೂ ಹೇಳಲಿಲ್ಲ. ಫ್ರಾಂಚೈಸಿ ಅನ್ನೋ ಮಾತು ನಮ್ಮ ಕಿವಿಗೆ ಬೀಳುವ ಮೊದಲೇ ನಮ್ಮವರು ಅದನ್ನು ನೆಟ್ಟಗೆ ಮಾಡಿ ತೋರಿಸಿದ್ದರು.

ಕೆಜಿಎಫ್ ಮೊದಲ ಚಾಪ್ಟರ್ ಕೂಡ ಹಾಗೇ. 2018ರ ಡಿಸೆಂಬರ್. ಎರಡನೆಯದು ಬರುತ್ತದೆ ಅಂತ ಗೊತ್ತಿದ್ದರೂ ನನಗೆ ಮೋಸ ಆಯಿತು ಅನ್ನಿಸಲಿಲ್ಲ. ನಾಯಕ ರಾಕಿ ನರಾಚಿ ಅನ್ನೋ ಗಣಿಗೆ ಹೋಗುವುದು ಖಳ ಗರುಡನನ್ನು ಹೊಡೆಯಲು. ಹೊಡೆಯುತ್ತಾನೆ. ಮುಗಿಯಿತು. ನನ್ನ ಟಿಕೆಟ್ ದುಡ್ಡಿಗೆ ಒಂದು ಕೆಲಸ ಪೂರ್ತಿ ಆಯಿತು. ಅದೇ ಪ್ರಶಾಂತ್ ನೀಲ್ ಸಲಾರ್‌ನಲ್ಲಿ ಏನು ಮಾಡಿದರು? 2023ರಲ್ಲಿ ಮೊದಲ ಭಾಗ ಅಂತ ಬಿಟ್ಟು, ಮೂರು ಗಂಟೆ ಹತ್ತಿರ ಕೂರಿಸಿ, ಕೊನೆಗೆ ನಾಯಕ ದೇವ ಯಾರು ಅಂತ ಹೇಳಿ ಕಳುಹಿಸಿದರು. ಅದು 2014ರ ಉಗ್ರಂ ಕಥೆಯನ್ನೇ ದೊಡ್ಡದು ಮಾಡಿದ್ದು. ಉಗ್ರಂ ಒಂದೇ ಸಿನಿಮಾದಲ್ಲಿ ಮುಗಿದಿತ್ತಲ್ಲ!

ಹಾಲಿವುಡ್‌ನಲ್ಲಿ ಸೂಪರ್‌ಹೀರೋ ಸಿನಿಮಾ ಮಾಡುವ ಮಾರ್ವೆಲ್‌ನವರದ್ದು ಇನ್ನೊಂದು ರೋಗ. ಅವರು ಹೋಂವರ್ಕ್ ಕೊಡುತ್ತಾರೆ. 2023ರ ದಿ ಮಾರ್ವೆಲ್ಸ್‌ಗೆ ಹೋದಾಗ ನನ್ನ ಪಕ್ಕ ಕೂತಿದ್ದ ಗೆಳೆಯ "ಈ ಹುಡುಗಿ ಯಾರು, ಆ ಯಮ್ಮ ಯಾರು" ಅಂತ ಮಧ್ಯಂತರದ ತನಕ ಕೇಳುತ್ತಲೇ ಇದ್ದ. ಒಬ್ಬಳಿಗೆ ಮಿಸ್ ಮಾರ್ವೆಲ್ ಸೀರೀಸ್ ನೋಡಿರಬೇಕು, ಇನ್ನೊಬ್ಬಳಿಗೆ ವಾಂಡಾವಿಷನ್ ಸೀರೀಸ್ ನೋಡಿರಬೇಕು. ಸಿನಿಮಾಗೆ ಬಂದಿದ್ದೇವಾ, ಪೂರಕ ಪರೀಕ್ಷೆಗೆ ಬಂದಿದ್ದೇವಾ?

ಈಗ ರಾಬರ್ಟ್ ಡೌನಿ ಜೂನಿಯರ್‌ನನ್ನೇ ವಾಪಸ್ ಕರೆಸಿದ್ದಾರೆ. ಹಳೇ ನಾಯಕ ಐರನ್ ಮ್ಯಾನ್ ಆಗಿ ಅಲ್ಲ, ಡಾಕ್ಟರ್ ಡೂಮ್ ಅನ್ನೋ ಖಳನಾಗಿ. 2024ರ ಜುಲೈನಲ್ಲಿ ವೇದಿಕೆ ಮೇಲೆ ಮುಖವಾಡ ತೆಗೆಸಿ ತೋರಿಸಿದರು. ಆ ಸಿನಿಮಾ ಡೂಮ್ಸ್‌ಡೇ 2026ರ ಡಿಸೆಂಬರ್‌ಗಂತೆ. 2019ರಲ್ಲಿ ಎಂಡ್‌ಗೇಮ್‌ನಲ್ಲಿ ಆ ಐರನ್ ಮ್ಯಾನ್ ಸತ್ತಾಗ ನಾನು ಅತ್ತಿದ್ದೆ. ಈಗ ಅದೇ ಮುಖ ಎದುರು ಪಾಳಯದಲ್ಲಿ ನಿಂತರೆ ನನ್ನ ಕಣ್ಣೀರಿಗೆ ಏನು ಬೆಲೆ? ಇದು ಅಪ್ಪಟ ಮೋಸ, ಇದರಲ್ಲಿ ನನಗೆ ಎರಡು ಮಾತಿಲ್ಲ.

ನಿಮಗೆಲ್ಲ ಏನನ್ನಿಸುತ್ತದೆ ಹೇಳಿ. ಬೈಯುವವರು ಬೈಯಿರಿ, ಆದರೆ ನೋಡಿ ಬೈಯಿರಿ.

ಮಧುಗಿರಿ ಒಂಟಿಕಲ್ಲು

ನೋಡದೆ ಬೈಯುತ್ತೇನೆ. ಸಮಯ ಉಳಿಯುತ್ತದೆ.

ಶಿಡ್ಲಘಟ್ಟ ರೀಲು

ಗುರು, ಒಂದು ಕಡೆ ನೀನು ಅನ್ಯಾಯ ಮಾಡುತ್ತಿದ್ದೀಯ. ಮಾರ್ವೆಲ್ 2025ರಲ್ಲಿ ಸ್ವಲ್ಪ ಬುದ್ಧಿ ಕಲಿತಿದೆ. ಥಂಡರ್‌ಬೋಲ್ಟ್ಸ್‌ನಲ್ಲಿ ಇರುವ ಹೆಚ್ಚಿನವರು ಹಳೇ ಸಿನಿಮಾ, ಸೀರೀಸ್‌ಗಳಲ್ಲಿ ಬಂದು ಹೋದವರೇ. ಆದರೂ ನಮ್ಮ ಮನೆಯಲ್ಲಿ ಏನೂ ನೋಡದ ತಮ್ಮ ಕೂಡ ಅರ್ಥ ಮಾಡಿಕೊಂಡ. ಯಾಕೆ ಅಂದರೆ ಅದರಲ್ಲಿ ಇರುವುದು ಮನಸ್ಸಿಗೆ ಕತ್ತಲೆ ಕವಿದವನ ಕಥೆ. ಅವನನ್ನು ಯಾರೂ ಹೊಡೆದು ಗೆಲ್ಲುವುದಿಲ್ಲ, ತಬ್ಬಿಕೊಂಡು ಹಿಡಿಯುತ್ತಾರೆ. ಅದಕ್ಕೆ ಯಾವ ಹೋಂವರ್ಕ್ ಬೇಕು? ಫೆಂಟಾಸ್ಟಿಕ್ ಫೋರ್ ಕೂಡ ಬೇರೆಯೇ ಲೋಕದಲ್ಲಿ, ಅರವತ್ತರ ದಶಕದ ತರ ಇಟ್ಟರು, ಹಿಂದಿನದು ಏನೂ ಬೇಡ. ಆ ಕಡೆ ಮಾರ್ವೆಲ್‌ನ ಎದುರಾಳಿ ಕಂಪನಿ ಡಿಸಿಯಲ್ಲಿ ನಿರ್ದೇಶಕ ಜೇಮ್ಸ್ ಗನ್ ಸೂಪರ್‌ಮ್ಯಾನ್ ಮಾಡಿದಾಗ ಮಗು, ರಾಕೆಟ್ಟು, ಹೊಲ ಅಂತ ಮತ್ತೆ ಮೊದಲಿಂದ ಶುರು ಮಾಡಲಿಲ್ಲ. ನಿಮಗೆ ಗೊತ್ತಿದೆಯಲ್ಲ, ಬನ್ನಿ ಮುಂದಕ್ಕೆ ಹೋಗೋಣ ಅಂದ. ನನಗೆ ಆ ಧೈರ್ಯ ಇಷ್ಟ ಆಯಿತು.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಬಿಸಿನೀರಿನಲ್ಲಿ ಗೂಡು ಕುಣಿಯುತ್ತಿರುತ್ತದೆ, ನಾಲ್ಕಾರು ಗೂಡಿನ ಎಳೆ ಸೇರಿ ಒಂದು ನೂಲು. ಒಂದು ಗೂಡು ಮುಗಿದರೆ ಅಮ್ಮ ಇನ್ನೊಂದು ಗೂಡಿನ ಎಳೆ ಹಿಡಿದು ಅಲ್ಲೇ ಎಸೆಯುತ್ತಾಳೆ, ಅದು ತಾನಾಗಿ ಸುತ್ತಿಕೊಂಡು ಹೋಗುತ್ತದೆ. ಎಲ್ಲಿ ಸೇರಿತು ಅಂತ ಕಾಣಬಾರದು. ಗಂಟು ಬಿದ್ದರೆ ಆ ನೂಲಿಗೆ ಬೆಲೆ ಬಿತ್ತು. ನನಗೆ ಇಷ್ಟೇ ಗೊತ್ತು. ಹೊಸ ಭಾಗ ಹಳೆಯದಕ್ಕೆ ಸೇರಿದ ಜಾಗದಲ್ಲಿ ಗಂಟು ಕೈಗೆ ಸಿಕ್ಕಿದರೆ ಕೆಲಸ ಕೆಟ್ಟಿದೆ.

ಕೆಜಿಎಫ್ ಎರಡನೇ ಚಾಪ್ಟರ್‌ನಲ್ಲಿ ನನ್ನ ಕೈಗೆ ಅಂಥ ಗಂಟು ಸಿಕ್ಕಿದ್ದು ಅನಂತ್ ನಾಗ್ ಇಲ್ಲದ ಕಡೆ. ಮೊದಲನೆಯದರಲ್ಲಿ ಕಥೆ ಹೇಳುತ್ತಿದ್ದವರು ಅವರು, ಎರಡನೆಯದಕ್ಕೆ ಅವರ ಮಗ ಅಂತ ಪ್ರಕಾಶ್ ರಾಜ್ ಬಂದು ಕೂತರು. ಪ್ರಕಾಶ್ ರಾಜ್ ಚೆನ್ನಾಗಿಯೇ ಮಾಡಿದರು, ಅದು ಬೇರೆ. ಆದರೆ ಆ ದನಿ ಹೋಯಿತಲ್ಲ.

ಮಧುಗಿರಿ ಒಂಟಿಕಲ್ಲು

ಶಿಡ್ಲಘಟ್ಟದವನು ರೀಲು ಬಿಡದೆ ಇನ್ನೇನು ಬಿಟ್ಟಾನು.

ಮಾರಿಕುಪ್ಪಂ ಲೋಕಲ್, ಕೆಜಿಎಫ್

ಕೆಜಿಎಫ್ ಅಂದ ಕೂಡಲೇ ಎಲ್ಲರೂ ರಾಕಿ, ಗರುಡ ಅಂತೀರ. ನಾನು ಆ ಊರಲ್ಲೇ ಹುಟ್ಟಿದವನು, ಈಗಲೂ ಅಲ್ಲೇ ಇದ್ದೇನೆ. ಬೆಳಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರಲ್ಲಿ ಒಬ್ಬ. ಚಾಂಪಿಯನ್, ಕೋರಮಂಡಲ್ ಅಂತ ಸ್ಟೇಷನ್‌ಗಳ ಹೆಸರು ಓದಿದರೇ ಗಣಿ ನೆನಪಾಗುತ್ತದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆಮೇಲಿಂದ ಊರಿಗೆ ಊರೇ ಈ ರೈಲಲ್ಲಿ ಕೂತಿದೆ. ನಾನು ನೋಡುವುದೆಲ್ಲ ಈ ರೈಲಲ್ಲೇ, ಮೊಬೈಲಲ್ಲೇ, ಬಂಗಾರಪೇಟೆ ತನಕ ಒಂದು ಕಂತು ಅರ್ಧ.

ಸಿನಿಮಾ ಬಗ್ಗೆ ನನಗೆ ಹೆಮ್ಮೆಯೂ ಇದೆ, ಸಂಕಟವೂ ಇದೆ. ನಮ್ಮ ಸೈನೈಡ್ ಗುಡ್ಡದ ಮೇಲೆ ಸೆಟ್ ಹಾಕಿದಾಗ ಊರಿನ ಹುಡುಗರೆಲ್ಲ ನೋಡಲು ಓಡಿದ್ದೆವು. ಆ ಗುಡ್ಡ ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿ, ನೂರು ವರ್ಷದ್ದು. ಗಾಳಿ ಬೀಸಿದರೆ ಇಡೀ ಊರಿನ ಬಟ್ಟೆ ಒಣಹಾಕಿದ ಹಗ್ಗದ ಮೇಲೆ ಬಂದು ಕೂರುತ್ತದೆ. ಪರದೆ ಮೇಲೆ ಅದು ಎಷ್ಟು ಚೆಂದ ಕಾಣಿಸಿತು! ಆದರೆ ಅದರ ಕೆಳಗೆ ಇದ್ದ ನಮ್ಮ ತಾತ ಎಲ್ಲಿ? ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅಲ್ಲಿ ಮೂರು ಕಿಲೋಮೀಟರ್‌ಗೂ ಕೆಳಗೆ ಇಳಿಯುತ್ತಿದ್ದರು. ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆ ಅಲುಗುತ್ತಿತ್ತು. ಅಜ್ಜಿ ಪಾತ್ರೆ ಸದ್ದಾದ ಕೂಡಲೇ ಒಲೆ ಆರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ, ಯಾವ ಶಿಫ್ಟು ಕೆಳಗಿದೆ ಅಂತ ಲೆಕ್ಕ ಹಾಕುತ್ತಾ. ಶಿಫ್ಟು ಬಿಟ್ಟು ಬರುವಾಗ ಗೇಟಲ್ಲಿ ಮೈಯೆಲ್ಲ ತಡಕಿ ಬಿಡುತ್ತಿದ್ದರು, ಚಿನ್ನ ಕದ್ದಿದ್ದಾನಾ ಅಂತ. ಶಿವನಸಮುದ್ರದಿಂದ 1902ರಲ್ಲೇ ನಮ್ಮ ಗಣಿಗೆ ಕರೆಂಟ್ ಬಂತು, ಬೆಂಗಳೂರಿಗೂ ಮೊದಲು, ಅಂತ ಎಲ್ಲರೂ ಹೇಳುತ್ತಾರೆ. ಕರೆಂಟ್ ಬಂದಿದ್ದು ಗಣಿಗೆ. ಕೂಲಿಯವರ ತಡಿಕೆ ಮನೆಗಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಒಬ್ಬ ಹೇಳಿದ ಅಂತ ಸ್ಟಾರ್ ವಾರ್ಸ್‌ನವರ ಸೀರೀಸ್ ಆ್ಯಂಡೋರ್ ಹಾಕಿದೆ. ಸ್ಟಾರ್ ವಾರ್ಸ್‌ನ ಗಂಧಗಾಳಿ ನನಗಿಲ್ಲ, ಬೆಳಕಿನ ಕತ್ತಿ ಅಂದರೆ ಟ್ಯೂಬ್‌ಲೈಟ್ ಅಂದುಕೊಂಡಿದ್ದವನು. ಮೊದಲ ಸೀಸನ್ನಿನ ನಡುವೆ ಒಂದು ಜೈಲು ಬರುತ್ತದೆ. ಖೈದಿಗಳು ಟೇಬಲ್ ಟೇಬಲ್ ಆಗಿ ನಿಂತು ಏನೋ ಯಂತ್ರದ ಭಾಗ ಜೋಡಿಸುತ್ತಿರುತ್ತಾರೆ, ಅದು ಯಾವುದಕ್ಕೆ ಅಂತ ಅವರಿಗೇ ಗೊತ್ತಿಲ್ಲ. ಕಡಿಮೆ ಕೆಲಸ ಮಾಡಿದ ಟೇಬಲ್ಲಿಗೆ ನೆಲದಲ್ಲೇ ಶಾಕ್ ಕೊಡುತ್ತಾರೆ. ಪಕ್ಕದ ಟೇಬಲ್‌ನವನನ್ನು ಸೋಲಿಸುವುದೇ ಬದುಕು. ಆ ಮೂರು ಕಂತು ನೋಡುವಾಗ ಬಂಗಾರಪೇಟೆ ಬಂದಿದ್ದು, ಹೋಗಿದ್ದು ಎರಡೂ ಗೊತ್ತಾಗಲಿಲ್ಲ. ನಮ್ಮ ತಾತ ಹೇಳುತ್ತಿದ್ದ ಗಣಿ ನನಗೆ ನರಾಚಿಯಲ್ಲಿ ಸಿಗಲಿಲ್ಲ, ಅಲ್ಲಿ ಸಿಕ್ಕಿತು. ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಒಬ್ಬ ರಾಕಿ ಬಂದು ಎಲ್ಲರನ್ನೂ ಬಿಡಿಸಲಿಲ್ಲ. ಸುಸ್ತಾದ, ಹೆದರಿದ, ಬರೀ ಬಿಡುಗಡೆಯ ದಿನ ಎಣಿಸುತ್ತಿದ್ದ ಒಬ್ಬ ಮೇಸ್ತ್ರಿ ಬಾಯಿ ಬಿಟ್ಟ, ಅಷ್ಟೇ.

ಅದರ ನಾಯಕ ಕಾಸಿಯನ್ ಸಾಯುತ್ತಾನೆ ಅಂತ 2016ರ ರೋಗ್ ಒನ್ ಸಿನಿಮಾದಲ್ಲೇ ತೋರಿಸಿ ಆಗಿದೆ. ನಾನು ಅದನ್ನು ಆಮೇಲೆ ನೋಡಿದೆ. ಮೊದಲೇ ನೋಡಿದ್ದರೂ ಏನೂ ಕೆಡುತ್ತಿರಲಿಲ್ಲ.

ಗುಬ್ಬಿಗೇಟ್ ಗುರು, ತುಮಕೂರು

ಅಣ್ಣ, ನಿಮ್ಮ ಮಾತು ಓದಿ ಅಂಗಡಿಯಲ್ಲಿ ಸುಮ್ನೆ ಕೂತುಬಿಟ್ಟೆ. ಒಬ್ಬ ಬಂದು ಆಧಾರ್ ಎರಡು ಕಾಪಿ ಕೇಳಿದರೆ ನಾಲ್ಕು ತೆಗೆದೆ. ಆದರೆ ಕೆಜಿಎಫ್ ಪರ ಒಂದು ಮಾತು. ಅದು ಕಾಲ್ಪನಿಕ ಅಂತ ಮೊದಲೇ ಹಾಕಿದ್ದಾರೆ. ಅದು ಒಬ್ಬ ಅಮ್ಮನಿಗೆ ಕೊಟ್ಟ ಮಾತಿನ ಕಥೆ, ಗಣಿಯ ಕಥೆ ಅಲ್ಲ.

ಮಾರಿಕುಪ್ಪಂ ಲೋಕಲ್, ಕೆಜಿಎಫ್

ಗೊತ್ತು ಗುರು. ಆದರೆ ಹೆಸರು ನಮ್ಮದು ಇಟ್ಟರಲ್ಲ. ಬೆಂಗಳೂರಲ್ಲಿ ಆಫೀಸಿಗೆ ಹೊಸಬರು ಬಂದಾಗ ನನ್ನ ಊರು ಕೇಳಿ "ಓ ರಾಕಿ ಭಾಯ್" ಅಂತಾರೆ. ಮೊದಲು "ಅದೆಲ್ಲಿದೆ" ಅಂತಿದ್ದರು. ಯಾವುದು ವಾಸಿ ಅಂತ ನನಗೂ ಗೊತ್ತಿಲ್ಲ.

ಚಿಂತಾಮಣಿ ಚಿಕ್ಕಮ್ಮ

ಅವರೆಕಾಯಿ ಕಾಲ. ಸಂಜೆಗೆ ಹಿತಕಿದ ಬೇಳೆ ಸಾರು ಆಗಬೇಕು ಅಂದರೆ ಮಧ್ಯಾಹ್ನ ಕೂತು ನೆನೆಸಿದ ಕಾಳು ಹಿತುಕಬೇಕು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ ಅಂತ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಈ ಕೆಲಸಕ್ಕೆ ಸೀರೀಸ್‌ಗಿಂತ ಒಳ್ಳೆಯ ಜೊತೆ ಇಲ್ಲ. ಕಣ್ಣು ಟಿವಿ ಕಡೆ, ಬೆರಳು ಕಾಳಿನ ಕಡೆ. ಆದ್ದರಿಂದ ನನ್ನ ಅಳತೆಗೋಲು ಬೇರೆ. ಸೀರೀಸ್ ಚೆನ್ನಾಗಿದ್ದರೆ ಸಿಪ್ಪೆ ಬಟ್ಟಲಿಗೆ, ಬೇಳೆ ಕಸಕ್ಕೆ ಹೋಗುತ್ತದೆ. ಸುಮಾರಾಗಿದ್ದರೆ ಸಾರು ಚೆನ್ನಾಗಿ ಆಗುತ್ತದೆ.

ಈ ಸಲ ಮಗನ ಕಾಟಕ್ಕೆ ಸ್ಟ್ರೇಂಜರ್ ಥಿಂಗ್ಸ್ ನೋಡಿದೆ. ಅದನ್ನು ಬಿಟ್ಟ ರೀತಿ ನೋಡಿ. ನವೆಂಬರ್ ಕೊನೆಗೆ ನಾಲ್ಕು ಕಂತು, ಕ್ರಿಸ್‌ಮಸ್‌ಗೆ ಮೂರು, ಉಳಿದ ಒಂದೇ ಒಂದು ಹೊಸ ವರ್ಷಕ್ಕೆ. ಚೀಟಿ ಕಂತು ಕಟ್ಟಿದ ಹಾಗೆ. ಅಮೆರಿಕದವರಿಗೆ ಡಿಸೆಂಬರ್ 31ರ ಸಂಜೆ, ನಮಗೆ ಜನವರಿ 1ರ ಬೆಳಗ್ಗೆ ಆರೂವರೆ. ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೇನೆ, ಒಳಗಿಂದ "ಅಮ್ಮಾ ಶುರು ಆಯ್ತು" ಅಂತ ಕೂಗು. ಶಾಲೆಗೆ ಎಬ್ಬಿಸಿದರೆ ಏಳದವನು! ರಂಗೋಲಿಯ ಒಂದು ಕಡೆ ಎಳೆ ಹಾಗೇ ಉಳಿಯಿತು.

ಎರಡು ಗಂಟೆಗೂ ಜಾಸ್ತಿ ಇತ್ತು ಆ ಕೊನೆಯ ಕಂತು. ಜಾಲತಾಣದಲ್ಲೆಲ್ಲ ಜನ ಬೈದಿದ್ದಾರೆ. ನನಗೆ ದೊಡ್ಡ ರಾಕ್ಷಸನ ಜೊತೆ ಹೊಡೆದಾಟ ಬೇಸರವೇ ಆಯಿತು. ಆದರೆ ಹೊಡೆದಾಟ ಮುಗಿದ ಮೇಲೆ ತುಂಬ ಹೊತ್ತು ಸುಮ್ನೆ ಮಕ್ಕಳನ್ನೇ ತೋರಿಸಿದರು. ಓದು ಮುಗಿಸಿದರು, ಕೂತು ಮತ್ತೆ ಅದೇ ಹಳೇ ಆಟ ಆಡಿದರು. 2016ರಲ್ಲಿ ಹಲ್ಲು ಬರುತ್ತಿದ್ದ ಹುಡುಗರು. ಐದು ಸೀಸನ್, 42 ಕಂತು, ಹತ್ತು ವರ್ಷ ಹತ್ತಿರ. ನನ್ನ ಮಗನೂ ಆಗ ಎರಡನೇ ಕ್ಲಾಸು. ಈಗ ಮೀಸೆ ಬರುತ್ತಿದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದ, ನಾನು ನೋಡಿಲ್ಲ ಅಂದುಕೊಂಡಿದ್ದ. ಮುಗಿಸುವುದು ಅಂದರೆ ಇದು. ಸುಮಾರಾಗಿಯೇ ಮುಗಿಸಿರಬಹುದು, ಆದರೆ ಮುಗಿಸಿದರು. ಗುರು, ನಿಮ್ಮ ಊಟದ ಲೆಕ್ಕದಲ್ಲಿ ಹೇಳಿದರೆ ಸಾರಿಗೆ ಉಪ್ಪು ಕಡಿಮೆ ಇತ್ತು, ಆದರೆ ಮಜ್ಜಿಗೆ ತನಕ ಬಡಿಸಿ ಕಳುಹಿಸಿದರು.

ಇನ್ನೊಂದು. ನಮ್ಮ ಕಡೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಪುಷ್ಪ ಎರಡನೆಯದನ್ನು ನಾವು ತೆಲುಗಲ್ಲೇ ನೋಡಿದ್ದು. 2024ರ ಡಿಸೆಂಬರ್. ಮೂರು ಗಂಟೆ ಇಪ್ಪತ್ತು ನಿಮಿಷ ಕೂರಿಸಿ, ಎದ್ದು ಸೆರಗು ಸರಿಮಾಡಿಕೊಳ್ಳುವ ಹೊತ್ತಿಗೆ ಮೂರನೆಯದು ಬರುತ್ತದೆ ಅಂತ ತೋರಿಸಿದರು. ನಮ್ಮ ಯಜಮಾನರು "ಇವನ ಮಗಳ ಮದುವೆ ತನಕ ತೋರಿಸುತ್ತಾರೆ" ಅಂದರು.

ಶಿಡ್ಲಘಟ್ಟ ರೀಲು

ಅಕ್ಕ, ಬೇಳೆ ಕಸಕ್ಕೆ ಹೋದ ಸೀರೀಸ್ ಯಾವುದು?

ಚಿಂತಾಮಣಿ ಚಿಕ್ಕಮ್ಮ

ಮೇಲೆ ಆ ಕೆಜಿಎಫ್ ತಮ್ಮ ಹೇಳಿದ್ದೇ. ಆ್ಯಂಡೋರ್. ಎರಡನೇ ಸೀಸನ್ನಿನಲ್ಲಿ ಚೌಕದಲ್ಲಿ ಜನ ನಿಂತು ಹಾಡುತ್ತಾರೆ, ಸುತ್ತ ಬಂದೂಕು. ಏನಾಗುತ್ತದೆ ಅಂತ ಗೊತ್ತು. ಆದರೂ ಆಗಬಾರದು ಅಂತ ಕೂತಿರುತ್ತೇವೆ. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಟೊಮೆಟೊ ಗೊಜ್ಜು.

ಬಿ.ಎಚ್. ರೋಡ್ ಬಾಲ್ಕನಿ, ತುಮಕೂರು

ಎಲ್ಲರೂ ಮೊಬೈಲು, ಟಿವಿ ಅಂತೀರಲ್ಲ, ಥಿಯೇಟರ್‌ನ ಗೋಳು ಯಾರೂ ಹೇಳಲಿಲ್ಲ. ಕೆಜಿಎಫ್ ಎರಡನೆಯದು ಬಂದ ವಾರ ಒಂದು ಥಿಯೇಟರ್‌ಗೆ ಹೋಗಿದ್ದೆ, ಹೆಸರು ಬೇಡ. ಹೆಸರುಗಳು ಓಡಲು ಶುರುವಾದ ಕೂಡಲೇ ಬಾಗಿಲು ತೆಗೆದು ಲೈಟ್ ಹಾಕಿಬಿಟ್ಟರು. ಅರ್ಧ ಜನ ಎದ್ದು ಹೋದರು. ಮೂರನೇ ಚಾಪ್ಟರ್‌ನ ಸುಳಿವು ಬಂದಾಗ ನಾನು ಪೊರಕೆ ಹಿಡಿದ ಅಜ್ಜಿಯ ಪಕ್ಕ ನಿಂತಿದ್ದೆ. ಅಜ್ಜಿ ಕಾಲೆತ್ತು ಅಂದಳು, ಎತ್ತಿದೆ. ಪರದೆ ಮೇಲೆ ಏನಿತ್ತು ಅಂತ ಆಮೇಲೆ ಯೂಟ್ಯೂಬ್‌ನಲ್ಲಿ ನೋಡಿದೆ. ಅದು 2022ರ ಏಪ್ರಿಲ್. ಮೂರನೇ ಚಾಪ್ಟರ್ ಇವತ್ತಿಗೂ ಇಲ್ಲ. ಅಜ್ಜಿ ಮಾಡಿದ್ದೇ ಸರಿ.

ದುಡ್ಡಿನ ವಿಷಯ ಬೇರೆ. ಟಿಕೆಟ್ 200 ರೂಪಾಯಿ ಮೀರಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮರುವಾರವೇ ಕಾಂತಾರ ಚಾಪ್ಟರ್ 1, ಅಕ್ಟೋಬರ್ 2ಕ್ಕೆ. ನಾಲ್ಕು ಜನರ ಮನೆಗೆ ಇದು ಸಣ್ಣ ಲೆಕ್ಕ ಅಲ್ಲ. ಇಷ್ಟು ಕೊಟ್ಟು ಅರ್ಧ ಕಥೆ ನೋಡಿ ಬಂದರೆ ಸಿಟ್ಟು ಬರುತ್ತದೆಯೋ ಇಲ್ಲವೋ?

ಶಿಡ್ಲಘಟ್ಟ ರೀಲು

ಕಾಂತಾರ ಚಾಪ್ಟರ್ 1 ಅರ್ಧ ಕಥೆ ಅಲ್ಲ. ನಾಯಕ ಬೆರ್ಮೆಯ ಕಥೆ ಅಲ್ಲೇ ಶುರು, ಅಲ್ಲೇ ಮುಗಿತು. ಮೊದಲರ್ಧದ ಹಾಸ್ಯ ನನಗೂ ಜಾಸ್ತಿ ಆಯಿತು. ಆದರೆ ರುಕ್ಮಿಣಿ ವಸಂತ್ ಅವರ ಕನಕವತಿ ತಿರುಗಿ ನಿಲ್ಲುವ ಜಾಗಕ್ಕೇ ನನ್ನ ದುಡ್ಡು ಬಂತು.

2022ರ ಕಾಂತಾರ ಮೊದಲು ಬರೀ ಕನ್ನಡದಲ್ಲೇ ಬಂದಿತ್ತು ನೆನಪಿದೆಯಾ? ಎರಡು ವಾರ ಆದ ಮೇಲೆ ಹಿಂದಿ. ಅದರಲ್ಲಿ ಒಂದು ಊರು, ಒಂದು ಕಾಡು, ಒಬ್ಬ ದಣಿ. ನನಗೆ ಆ ಸಣ್ಣ ಅಳತೆಯೇ ಇಷ್ಟ. ಚಾಪ್ಟರ್ 1ರಲ್ಲಿ ರಾಜ, ಬಂದರು, ಯುದ್ಧ, ಹುಲಿ. ದೊಡ್ಡದು ಮಾಡಿದ ಕೂಡಲೇ ಒಳ್ಳೆಯದಾಗುತ್ತದೆ ಅನ್ನೋ ನಂಬಿಕೆ ಯಾಕೆ ಎಲ್ಲ ಫ್ರಾಂಚೈಸಿಗೂ ಹತ್ತಿಕೊಳ್ಳುತ್ತದೋ.

ಎರಡು ಭಾಗ ಅಂದರೆ ನನಗೆ ಸಪ್ತ ಸಾಗರದಾಚೆ ಎಲ್ಲೋ. ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಎರಡೂವರೆ ತಿಂಗಳು. ಮೊದಲನೆಯದು ಬಿಟ್ಟು ಬರುವಾಗ ಎದೆಯಲ್ಲಿ ಕಲ್ಲು ಇಟ್ಟ ಹಾಗೆ ಆಗಿತ್ತು, ಆ ಕಲ್ಲು ಇಳಿಯುವ ಮೊದಲು ಎರಡನೆಯದು ಬಂತು. ಕಾಯಿಸುವುದಕ್ಕೂ ಒಂದು ಹದ ಬೇಡವಾ?

ಚಿಂತಾಮಣಿ ಚಿಕ್ಕಮ್ಮ

ಕನ್ನಡದಲ್ಲಿ ಸೀರೀಸ್ ಯಾಕಿಷ್ಟು ಕಡಿಮೆ ಅಂತಲೂ ಕೇಳಿ. ಏಕಂ ಅನ್ನೋ ಸೀರೀಸ್ ಮಾಡಿದವರು ಯಾವ ಒಟಿಟಿಯೂ ತಗೊಳ್ಳಲಿಲ್ಲ ಅಂತ 2024ರಲ್ಲಿ ತಮ್ಮದೇ ವೆಬ್‌ಸೈಟಲ್ಲಿ ಬಿಟ್ಟರು. ಹೋದ ವರ್ಷ ಅಯ್ಯನ ಮನೆ ಬಂತು, ಸಣ್ಣ ಸಣ್ಣ ಕಂತು, ಒಂದೇ ಸಂಜೆಗೆ ಮುಗಿಸಿದೆ. ಅದಾದ ಮೇಲೆ ಬಂದದ್ದು ಬೆರಳೆಣಿಕೆಯಷ್ಟು. ಸ್ಪೈಡರ್‌ಮ್ಯಾನ್ ಕಾರ್ಟೂನು ಕನ್ನಡಕ್ಕೆ ಬಂತು, ಅವತಾರ್ ಬಂತು. ಹೆಚ್ಚಿನ ಸೀರೀಸ್ ಮಾತ್ರ ತೆಲುಗಲ್ಲೋ ಹಿಂದಿಯಲ್ಲೋ ನೋಡಬೇಕು. ನಮಗೆ ತೆಲುಗು ಬರುತ್ತದೆ, ಸರಿ. ಬರದವರು?

ಟಿ.ಎನ್. ಸೀತಾರಾಮ್ ಅವರ ಸಿಎಸ್‌ಪಿ ವಕೀಲರು ಮುಕ್ತ ಧಾರಾವಾಹಿಯಲ್ಲಿ ಬಂದರು, ಆಮೇಲೆ ಮಗಳು ಜಾನಕಿಯಲ್ಲೂ ಬಂದರು. ಒಂದು ಕಥೆಯವರು ಇನ್ನೊಂದು ಕಥೆಗೆ ಬಂದರೆ ಅದು ಯೂನಿವರ್ಸ್ ಅಂತ ನಮ್ಮತ್ತೆಗೆ ಯಾರೂ ಹೇಳಿಕೊಡಲಿಲ್ಲ. ಕರೀ ಕೋಟು ಕಂಡ ಕೂಡಲೇ "ಬಂದರು ನೋಡು, ಇನ್ನು ಕೇಸು ಗೆದ್ದ ಹಾಗೆ" ಅಂದರು.

ಮಧುಗಿರಿ ಒಂಟಿಕಲ್ಲು

ಸಿಎಸ್‌ಪಿ ವರ್ಸಸ್ ಡಾಕ್ಟರ್ ಡೂಮ್. ಜಾಮೀನು ಸಿಗುವುದಿಲ್ಲ.

ಗುಬ್ಬಿಗೇಟ್ ಗುರು, ತುಮಕೂರು

ಎಲ್ಲರ ಮಾತೂ ಓದಿದೆ. ಕೊನೆ ಗೊತ್ತಿದ್ದರೂ ನೋಡುತ್ತೇವೆ ಅಂತ ಇಬ್ಬರು ಹೇಳಿದಿರಿ. ಅದಕ್ಕೆ ನನ್ನ ದೊಡ್ಡಪ್ಪನ ವಿಷಯ ಹೇಳಬೇಕು.

ನಮ್ಮೂರು ಗುಬ್ಬಿ ತಾಲ್ಲೂಕು. ಗುಬ್ಬಿ ಕಂಪನಿ 1884ರಲ್ಲಿ ಶುರುವಾದ ಜಾಗ, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಯನ್ನು ರಂಗದ ಮೇಲೆ ತಂದವರು ಅವರು. ಆ ಹುಚ್ಚು ನಮ್ಮ ಕಡೆಯ ಹಳ್ಳಿಗಳಿಗೆ ಇನ್ನೂ ಬಿಟ್ಟಿಲ್ಲ. ವರ್ಷಕ್ಕೊಂದು ಸಲ ಊರಲ್ಲಿ ಕುರುಕ್ಷೇತ್ರ ನಾಟಕ. ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನ, ಭೀಮ ಅಂದರೆ ಜಾಸ್ತಿ, ಸೈನಿಕ ಅಂದರೆ ಕಡಿಮೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರು ಬಂದು ತಾಲೀಮು ಕೊಡುತ್ತಾರೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಿನ ತನಕ.

ದೊಡ್ಡಪ್ಪ ಹನ್ನೊಂದು ವರ್ಷದಿಂದ ದುರ್ಯೋಧನ. ಒಂದು ವರ್ಷ ಬೆಳಗಿನ ಜಾವ ಮೂರೂವರೆಗೆ ಅವರ ಒಂದು ಕಡೆ ಮೀಸೆ ಅಂಟು ಬಿಟ್ಟಿತು. ಎಡಗೈಯಲ್ಲಿ ಮೀಸೆ ಒತ್ತಿ ಹಿಡಿದರು, ಬಲಗೈಯಲ್ಲಿ ಗದೆ, ಆಲಾಪನೆ ಬಿಡಲಿಲ್ಲ. ಚಾಪೆ ಮೇಲೆ ಕಂಬಳಿ ಹೊದ್ದು ಕೂತಿದ್ದ ಜನ "ವನ್ಸ್ ಮೋರ್" ಅಂತ ಕೂಗಿದರು. ಯಾರೋ ಹೋಗಿ ಎದೆಗೆ 500ರ ನೋಟು ಪಿನ್ ಹಾಕಿ ಬಂದರು. ಮೀಸೆ ಹಿಡಿದುಕೊಂಡೇ ಅದೇ ಹಾಡು ಮತ್ತೆ ಹಾಡಿದರು. ತೊಡೆ ಮುರಿಯುತ್ತದೆ ಅಂತ ಅಲ್ಲಿ ಕೂತ ಹಾಲುಗಲ್ಲದ ಮಗುವಿಗೂ ಗೊತ್ತು. ಯಾರೂ ಎದ್ದು ಹೋಗಲಿಲ್ಲ. ಬೆಳಗಾಗುವ ಹೊತ್ತಿಗೆ ತೊಡೆ ಮುರಿಯಿತು, ಮಂಗಳ ಹಾಡಿದರು, ಎಲ್ಲರೂ ಹಲ್ಲುಜ್ಜಲು ಹೋದರು. ಉಳಿದದ್ದು ಮುಂದಿನ ವರ್ಷ ಅಂತ ಯಾರೂ ಹೇಳಲಿಲ್ಲ, ಮುಂದಿನ ವರ್ಷವೂ ಅದೇ ಇರುತ್ತದೆ ಅಂತ ಗೊತ್ತಿದ್ದರೂ. ಬಾಹುಬಲಿಯ ಎರಡೂ ಭಾಗ ಸೇರಿಸಿ ಹೋದ ಅಕ್ಟೋಬರ್‌ನಲ್ಲಿ ಮತ್ತೆ ಬಿಟ್ಟರಲ್ಲ, ಅದೂ ವನ್ಸ್ ಮೋರ್ ಅಷ್ಟೇ. ಕಟ್ಟಪ್ಪ ಯಾಕೆ ಹೊಡೆದ ಅಂತ ಗೊತ್ತಿದ್ದವರೇ ಹೋಗಿ ಕೂತಿದ್ದರು.

ಮಾರಿಕುಪ್ಪಂ ಲೋಕಲ್, ಕೆಜಿಎಫ್

ಈ ವರ್ಷ ಯಾವಾಗ ನಾಟಕ? ರಾತ್ರಿ ಪೂರ್ತಿ ಅಂದರೆ ಶನಿವಾರ ಇರಬೇಕು ನನಗೆ.

ಗುಬ್ಬಿಗೇಟ್ ಗುರು, ತುಮಕೂರು

ಶಿವರಾತ್ರಿ ಕಳೆದ ಮೇಲೆ ಅಣ್ಣ, ಶನಿವಾರವೇ. ಬನ್ನಿ, ನಮ್ಮ ಮನೆಯಲ್ಲೇ ಊಟ.

ಆದರೆ ಒಂದು ಎಡವಟ್ಟಾಗಿದೆ. ಈಗ ತಾನೇ ಅಮ್ಮ ಫೋನ್ ಮಾಡಿದ್ದಳು. ಬೆಂಗಳೂರಲ್ಲಿ ಸೈಟು ವ್ಯಾಪಾರ ಮಾಡುವ ನಮ್ಮೂರಿನ ಒಬ್ಬರು ಜಾಸ್ತಿ ದುಡ್ಡು ಹಾಕಿ ದುರ್ಯೋಧನನ ಪಾತ್ರ ತಗೊಂಡಿದ್ದಾರೆ. ದೊಡ್ಡಪ್ಪ ಎರಡು ದಿನ ಊಟ ಬಿಟ್ಟರಂತೆ. ಮೂರನೇ ದಿನ ಎದ್ದು ಮೇಷ್ಟ್ರ ಮನೆಗೆ ಹೋಗಿ ದುಡ್ಡು ಕಟ್ಟಿ ಬಂದಿದ್ದಾರೆ. ಭೀಮನ ಪಾತ್ರಕ್ಕೆ.

ಶಿಡ್ಲಘಟ್ಟ ರೀಲು

ಅಂದರೆ ಅದೇ ಮುಖ, ಎದುರು ಪಾಳಯ?

ಮಧುಗಿರಿ ಒಂಟಿಕಲ್ಲು

ಅಪ್ಪಟ ಮೋಸ. ಗುರುಗೆ ಎರಡು ಮಾತಿಲ್ಲ ಅಂತ ಮೇಲೆ ಬರೆದಿದ್ದಾರೆ.

ಚಿಂತಾಮಣಿ ಚಿಕ್ಕಮ್ಮ

ಗುರು, ಹನ್ನೊಂದು ವರ್ಷ ತೊಡೆ ಮುರಿಸಿಕೊಂಡವರಪ್ಪ ಅವರು. ಈ ಸಲ ಗದೆ ಬೀಸುವುದನ್ನು ನೋಡಲು ನಾನೂ ಬರುತ್ತೇನೆ. ಚಿಂತಾಮಣಿಯಿಂದ ಗುಬ್ಬಿಗೆ ಬಸ್ಸು ಹೇಗೆ ಹೇಳಿ.

ಗುಬ್ಬಿಗೇಟ್ ಗುರು, ತುಮಕೂರು

ಬೆಂಗಳೂರಿಗೆ ಬಂದು ತುಮಕೂರು ಬಸ್ ಹತ್ತಿ ಅಕ್ಕ, ಬಸ್ ಸ್ಟ್ಯಾಂಡಿಂದ ನಾನು ಕರೆದುಕೊಂಡು ಹೋಗುತ್ತೇನೆ. ಡೂಮ್ ವಿಷಯ ನಾನು ಬರೆದದ್ದು ಹಾಗೇ ಇರಲಿ, ಅಳಿಸುವುದಿಲ್ಲ. ಟಿಕೆಟ್ ಮಾತ್ರ ಮೊದಲ ದಿನಕ್ಕೇ ತಗೊಳ್ಳುತ್ತೇನೆ.